ಹಾಯಿ ಹೊಲಿಯುವವನ ಸೊಸೆ

ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ ಲಿಡ್ವಿನಳಿಗೆ ತಾನು ಥೇಟ್ ಅತ್ತೆ ಆಫ್ಕೆಯ ಹಾಗೆಯೇ ಸವರುತ್ತಿದ್ದೇನೆ ಅನ್ನಿಸಿ ಕೈ ಒಂದು ಕ್ಷಣ ನಿಂತಿತು. ಅಂಚಿನಿಂದ ನಡುವಿಗೆ, ಒಂದು ಮೂಲೆಯನ್ನೂ ಬಿಡದೆ, ಗೋಡೆಗೆ ಸುಣ್ಣ ಹೊಡೆಯುವವರ ಹಾಗೆ. ಮದುವೆಯಾಗಿ ಬಂದ ಹೊಸದರಲ್ಲಿ ಇದೇ ಅಡುಗೆಮನೆಯಲ್ಲಿ, ಇದೇ ಕಿಟಕಿಯ ಬಳಿ ನಿಂತು ಅತ್ತೆ ಸವರುವುದನ್ನು ನೋಡಿ ಒಳಗೊಳಗೇ ನಕ್ಕಿದ್ದಳು. ಅವಳ ತವರಿನಲ್ಲಿ, ದಕ್ಷಿಣದ ಗುಡ್ಡಗಳ ಕಡೆ, ಬೆಣ್ಣೆಯನ್ನು ಯಾರೂ ಇಷ್ಟು ಭಯಭಕ್ತಿಯಿಂದ ಮುಟ್ಟುತ್ತಿರಲಿಲ್ಲ. ಈಗ ಆಫ್ಕೆ ಇಲ್ಲ. ಅವಳ ಕೈ ಮಾತ್ರ ತನ್ನ ಮಣಿಕಟ್ಟಿನಲ್ಲಿ ಉಳಿದುಕೊಂಡಿದೆ. ಅತ್ತೆ ಅನ್ನುವುದೂ ಈಗ ಸರಿಯಲ್ಲ. ಆಫ್ಕೆ ತೀರಿಕೊಳ್ಳುವ ಹೊತ್ತಿಗೆ ಲಿಡ್ವಿನ ಈ ಮನೆಯ ಸೊಸೆಯಾಗಿ ಉಳಿದಿರಲಿಲ್ಲ. ಗಂಡ ಡೌವೆಯನ್ನು ಬಿಟ್ಟು ಆಗಲೇ ಬಹಳ ವರ್ಷವಾಗಿತ್ತು. ‘ಗಂಡನ್ನ ಬಿಟ್ಲು, ಮಾವನ್ನ ಬಿಡ್ಲಿಲ್ಲ’ ಎಂದು ಗ್ರೌ ಊರಿನ ಬೇಕರಿಯಲ್ಲಿ ಯಾರೋ ಅಂದದ್ದು ಅವಳ ಕಿವಿಗೂ ಬಿದ್ದಿತ್ತು. ಅಂದವರು ಸಾಲಿನಲ್ಲಿ ಅವಳ ಬೆನ್ನ ಹಿಂದೆಯೇ ನಿಂತಿದ್ದರು. ಅವಳು ತಿರುಗಿ ನೋಡದೆ, ಮುದುಕನಿಗೆ ಇಷ್ಟವಾದ ಸಕ್ಕರೆಹರಳಿನ ಬ್ರೆಡ್ಡು ಕೇಳಿ, ಚಿಲ್ಲರೆ ಕೈಜಾರಿ ಬೀಳಿಸಿ, ಅವರ ಬೂಟುಗಳ ನಡುವೆ ಬಗ್ಗಿ ಆರಿಸಿಕೊಂಡು ಬಂದಿದ್ದಳು.

ಪಕ್ಕದ ಕೋಣೆಯಲ್ಲಿ ಡೌವೆಯ ಅಪ್ಪ ವೀಬ್ರೆನ್ ಕಿಟಕಿಗೆ ಮುಖ ಮಾಡಿ ಕುಳಿತಿದ್ದ. ಅವನ ಬೆರಳುಗಳು ತೊಡೆಯ ಮೇಲಿನ ಕಂಬಳಿಯ ಅಂಚನ್ನು ಹೊಲಿಯುತ್ತಿದ್ದವು. ಸೂಜಿ ಇರಲಿಲ್ಲ, ದಾರ ಇರಲಿಲ್ಲ, ಹೊಲಿಗೆ ಮಾತ್ರ ಇತ್ತು. ಸುತ್ತಲ ಕೆರೆಗಳಲ್ಲಿ ಓಡಾಡುವ ದೋಣಿಗಳಿಗೆಲ್ಲ ಹಾಯಿ ಹೊಲಿದ ಕೈ ಅದು. ಕಿಟಕಿಯಾಚೆ ಕಾಲುವೆಯ ಮೇಲೆ ಹಾಲಿನ ಕೆನೆಯಂಥ ತೆಳು ಮಂಜುಗಡ್ಡೆ. ಈಗಿನ ಚಳಿಗಾಲಗಳೇ ಹೀಗೆ, ಬೆಳಿಗ್ಗೆ ಆಸೆ ತೋರಿಸಿ ಮಧ್ಯಾಹ್ನಕ್ಕೆ ಕರಗಿಹೋಗುತ್ತವೆ. ಅವಳು ಮದುವೆಯಾಗಿ ಬಂದ ವರ್ಷ ಹಾಗಲ್ಲ, ಇಡೀ ಕೆರೆ ಕಲ್ಲಾಗಿತ್ತು. ಊರಿಗೆ ಊರೇ ಸ್ಕೇಟ್ ಕಟ್ಟಿಕೊಂಡು ಮಂಜಿನ ಮೇಲಿತ್ತು. ಡೌವೆ ಗೆಳೆಯರ ಜೊತೆ ಪಂದ್ಯ ಕಟ್ಟಿ ಆಚೆ ದಡದ ಕಡೆ ಒಂದು ಚುಕ್ಕೆಯಾಗಿಬಿಟ್ಟಿದ್ದ. ದಡದಲ್ಲಿ ಒಬ್ಬಳೇ ನಿಂತು ನಡುಗುತ್ತಿದ್ದ ಹೊಸ ಸೊಸೆಯನ್ನು ನೋಡಿ ವೀಬ್ರೆನ್ ಮನೆಗೆ ಹೋಗಿ ಅಡುಗೆಮನೆಯ ಕುರ್ಚಿಯೊಂದನ್ನು ಹೆಗಲ ಮೇಲೆ ಹೊತ್ತು ತಂದ. ಅದನ್ನು ಮಂಜಿನ ಮೇಲಿಟ್ಟು, ‘ಹಿಂದ್ಗಡೆ ಹಿಡ್ಕೊಂಡು ತಳ್ತಾ ಬಾ ಹುಡುಗಿ. ಕುರ್ಚಿ ಬೀಳಲ್ಲ, ನೀನೂ ಬೀಳಲ್ಲ,’ ಅಂದ. ‘ನನ್ನ ಹೆಸರಿನ ಸಂತಳೊಬ್ಬಳು ಇದ್ಲಂತೆ, ಮಂಜಿನ ಮೇಲೆ ಬಿದ್ದು ಪಕ್ಕೆಲುಬು ಮುರ್ಕೊಂಡು ಸಾಯೋ ತನಕ ಹಾಸಿಗೆ ಹಿಡಿದ್ಲಂತೆ. ನಮ್ಮಮ್ಮ ಹೇಳಿ ಕಳ್ಸಿದಾಳೆ,’ ಎಂದು ಇವಳು ಚಳಿಗೆ ಹಲ್ಲು ಕಟಕಟಿಸುತ್ತ ಹೇಳಿದಳು. ‘ಅದಕ್ಕೇ ನಿಮ್ಮ ಕಡೆಯವರು ಸಂತರಾಗ್ತೀರಿ, ನಮ್ಮ ಕಡೆಯವರು ಸ್ಕೇಟ್ ಮಾಡ್ತೀವಿ,’ ಎಂದು ಅವನು ಅವಳ ಎದುರಿಗೆ ಹಿಮ್ಮುಖವಾಗಿ ಜಾರುತ್ತ ಹೋದ, ಮಗುವಿಗೆ ನಡೆ ಕಲಿಸುವವರ ಹಾಗೆ ಎರಡೂ ಕೈ ಚಾಚಿಕೊಂಡು. ಸಂಜೆ ಡೇರೆಯ ಅಂಗಡಿಯಲ್ಲಿ ಸೋಂಪು ಹಾಕಿದ ಬಿಸಿ ಹಾಲು ಕೊಡಿಸಿ, ‘ಇನ್ನು ಆ ಬಹುವಚನ ಗಿಹುವಚನ ಸಾಕು, ಅಪ್ಪ ಅನ್ನು,’ ಅಂದಿದ್ದ. ಅಪ್ಪ ಅಂದಳು, ಬಹುವಚನ ಮಾತ್ರ ಬಿಡಲಿಲ್ಲ. ಮನೆಗೆ ಬರುವಾಗ ಕಾಲು ಮರಗಟ್ಟಿದ್ದವು; ನಾಲಿಗೆಯಲ್ಲಿ ಸೋಂಪಿನ ಸಿಹಿ ಇತ್ತು. ಜೀವನದಲ್ಲಿ ತಾನು ಎಲ್ಲಿಗೋ ಸೇರಿದವಳು ಎಂದು ಅನ್ನಿಸಿದ್ದು ಅವತ್ತು, ಗಂಡನ ತೋಳಿನಲ್ಲಲ್ಲ, ಆ ಕುರ್ಚಿಯ ಹಿಂದೆ. ಇದನ್ನು ಅವಳು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದರೆ ಅದಕ್ಕೆ ಬೇರೆಯೇ ಅರ್ಥ ಹಚ್ಚುತ್ತಾರೆ.

ಡೌವೆಯನ್ನು ಬಿಟ್ಟ ಮೇಲೆ ಆ ಪದವೂ ಹೋಯಿತು. ಅಪ್ಪ ಅನ್ನಲು ಹಕ್ಕಿಲ್ಲ, ಹೆಸರು ಹಿಡಿದು ಕರೆಯಲು ಬಾಯಿ ಬರುವುದಿಲ್ಲ. ಆಫ್ಕೆ ಸತ್ತ ಮೇಲೆ ಮೊದಲು ವಾರಕ್ಕೊಮ್ಮೆ ಸೂಪು ತಂದುಕೊಡಲು, ಆಮೇಲೆ ಒಲೆ ಆರಿಸಿದ್ದಾನೋ ಇಲ್ಲವೋ ನೋಡಲು, ಆಮೇಲೆ ದಿನಾ ಬೆಳಿಗ್ಗೆ ಮೈ ತೊಳೆಸಿ ಬಟ್ಟೆ ತೊಡಿಸಲು ಎಂದು ಬರತೊಡಗಿದಾಗಿನಿಂದ ಅವಳು ಅವನನ್ನು ಏನೂ ಕರೆಯದೆಯೇ ಮಾತಾಡಿಸುವುದನ್ನು ರೂಢಿ ಮಾಡಿಕೊಂಡಿದ್ದಳು. ‘ನೋಡಿ ಇಲ್ಲಿ’, ‘ಏಳಿ’, ‘ತಿನ್ನಿ’. ಒಬ್ಬ ಮನುಷ್ಯನನ್ನು ವರ್ಷಗಟ್ಟಲೆ ಹೀಗೆ ಹೆಸರಿಲ್ಲದೆ ಸಾಗಿಸಬಹುದು ಎಂಬುದು ಅವಳಿಗೇ ಸೋಜಿಗ. ಮಧ್ಯಾಹ್ನ ತಾನು ಕೆಲಸ ಮಾಡುವ ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಿವಿಗೆ ಕಡ್ಡಿ ಸರಿಮಾಡುವಾಗ ಕೆಲವೊಮ್ಮೆ ಬಾಯ್ತಪ್ಪಿ ಅವರಿಗೂ ‘ತೋಳೆತ್ತಿ’ ಅಂದುಬಿಡುತ್ತಿದ್ದಳು.

ಬಾಗಿಲ ಗಂಟೆ ಬಾರಿಸಿತು. ಬಂದವಳು ಊರಿನ ಮನೆಮನೆಗೆ ಹೋಗಿ ಮುದುಕರನ್ನು ನೋಡುವ ದಾದಿ. ಹಳೆಯವಳು ಬಾಣಂತನಕ್ಕೆ ರಜೆ ಹಾಕಿದ್ದರಿಂದ ಇವಳು ಹೊಸಬಳು. ಹಿಸ್ಕೆ ಎಂದು ಹೆಸರು ಹೇಳಿಕೊಂಡಳು. ಚಳಿಗೆ ಕೆಂಪಾದ ಮೂಗು, ಸೈಕಲ್ಲಿನ ಗಾಳಿಗೆ ಕೆದರಿದ ಕೂದಲು, ಒಳಗೆ ಬಂದವಳೇ ಕೈ ಉಜ್ಜಿ ಬಿಸಿ ಮಾಡಿಕೊಂಡಳು. ಒಳ್ಳೆಯ ಹುಡುಗಿ. ಅದೇ ಕಷ್ಟವಾದದ್ದು.

‘ನೀವು ಮಗಳಾ?’

‘ಅಲ್ಲ.’

‘ಮತ್ತೆ ಸೊಸೆ?’

ಲಿಡ್ವಿನ ಉತ್ತರ ಹುಡುಕುತ್ತಿದ್ದಾಗ ವೀಬ್ರೆನ್ ಕುರ್ಚಿಯಿಂದಲೇ ಹೇಳಿದ: ‘ಯಾರೋ ಗೊತ್ತಿಲ್ಲಮ್ಮ. ದಿನಾ ಬರ್ತಾಳೆ. ಒಳ್ಳೆಯವಳೇ. ಕಾಫಿ ಮಾತ್ರ ನೀರು ನೀರು.’

ಹಿಸ್ಕೆ ಗಟ್ಟಿಯಾಗಿ ನಕ್ಕಳು. ಲಿಡ್ವಿನಳೂ ನಕ್ಕಳು, ತುಸು ತಡವಾಗಿ. ಅವನು ಮರೆತದ್ದಕ್ಕೆ ನೋವಾಗಿರಲಿಲ್ಲ. ನೋವಾದದ್ದು ಮರೆತೂ ಕೊಟ್ಟ ವಿವರಣೆ ಇಷ್ಟು ಸರಿಯಾಗಿದ್ದದ್ದಕ್ಕೆ. ಹಿಸ್ಕೆ ರಕ್ತದೊತ್ತಡ ನೋಡಲು ಅವನ ಸ್ವೆಟರಿನ ತೋಳು ಮೇಲೇರಿಸಿದಳು. ನಗು ನಿಂತಿತು. ಮೊಣಕೈಯ ಮೇಲೆ ಕಂದು ನೀಲಿಯ ಗುರುತು, ಅಂಚಿನಲ್ಲಿ ಹಳದಿಗೆ ತಿರುಗುತ್ತಿತ್ತು. ಬೆರಳುಗಳು ಒಂದೊಂದೂ ಬೇರೆ ಬೇರೆಯಾಗಿ ಕಾಣುವಷ್ಟು ಸ್ಪಷ್ಟ.

‘ಇದು ಹೇಗಾಯ್ತು?’

‘ಶನಿವಾರ ಕಾಲುವೆ ಹತ್ರ ಹೋಗಿಬಿಟ್ಟಿದ್ರು. ಬೀಳ್ತಿದ್ರು, ಹಿಡ್ಕೊಂಡೆ.’

‘ಓ. ಗಟ್ಟಿಯಾಗಿ ಹಿಡೀಬೇಕಾಯ್ತು ಅಂತ ಕಾಣುತ್ತೆ.’

‘ಹೌದು. ಗಟ್ಟಿಯಾಗಿ.’

ಸುಳ್ಳಲ್ಲ. ಹಿತ್ತಲ ಬಾಗಿಲು ತೆರೆದಿತ್ತು, ಅವಳು ಆಲೂಗಡ್ಡೆ ಸಿಪ್ಪೆ ಸುಲಿಯುತ್ತಿದ್ದವಳು ತಲೆಯೆತ್ತಿ ನೋಡಿದರೆ ಅವನು ಕಾಲುಚೀಲದಲ್ಲೇ ದಡದ ತುದಿಯಲ್ಲಿ ನಿಂತು, ಒಂದು ಕಾಲನ್ನು ಆ ಮಂಜಿನ ಕೆನೆಯ ಮೇಲೆ ಇಡಲು ಎತ್ತಿದ್ದ. ಅವಳು ಓಡಿದಳು. ‘ಅಪ್ಪಾ!’ ಎಂದು ಕೂಗಿದ್ದಳು. ಎಷ್ಟೋ ವರ್ಷದಿಂದ ಆಡದ ಪದ ತಾನಾಗಿ ಹೊರಗೆ ಹಾರಿತ್ತು. ತೋಳು ಹಿಡಿದು ಹಿಂದಕ್ಕೆಳೆದಳು. ‘ಗಟ್ಟಿಯಾಗಿದೆ ಕಣೇ, ಕುರ್ಚಿ ತಾ,’ ಅಂದ ಅವನು, ಮುಖದ ತುಂಬ ನಗು. ಅಲ್ಲಿಗೆ ಬಿಡಬಹುದಿತ್ತು. ಅವನ ಎರಡೂ ಕಾಲು ಹುಲ್ಲಿನ ಮೇಲಿದ್ದವು. ಆದರೆ ಅವಳ ಕೈ ಬಿಡಲಿಲ್ಲ. ಇನ್ನೂ ಬಿಗಿಯಿತು, ಅವನನ್ನು ಅಲ್ಲಾಡಿಸಿತು. ‘ನನಗೂ ವಯಸ್ಸಾಯ್ತು, ಗೊತ್ತಾ? ನನಗೂ ಮೊಣಕಾಲು ನೋಯುತ್ತೆ, ಗೊತ್ತಾ ನಿಮಗೆ?’ ಎಂದು ಅವನ ಮುಖದ ಹತ್ತಿರ ಮುಖ ತಂದು ಕಿರುಚಿದಳು. ಅವನ ನಗು ಆರಿತು, ಏನು ತಪ್ಪು ಮಾಡಿದೆ ಎಂದು ತಿಳಿಯದ ಮಗುವಿನಂತೆ ಅವಳನ್ನೇ ನೋಡಿದ. ಒಳಗೆ ಕರೆತಂದು ಒದ್ದೆ ಕಾಲುಚೀಲ ಬಿಚ್ಚಿ ಪಾದ ಒರೆಸುವಾಗ ಅವಳ ಕೈ ಎಷ್ಟು ಮೃದುವಾಗಿತ್ತೆಂದರೆ ಅವಳಿಗೇ ಅದು ನಾಟಕ ಅನ್ನಿಸಿತು.

ಹಿಸ್ಕೆ ಮೊಗಸಾಲೆಗೆ ಹೋಗಿ ಫೋನು ಮಾಡುತ್ತಿದ್ದಳು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ‘ಮಗನಾ ಮಾತಾಡೋದು? ಹೌದು... ಗಾಬರಿಯಾಗೋಂಥದ್ದೇನಿಲ್ಲ... ತೋಳಿನ ಮೇಲೆ ಗುರುತಿದೆ... ಇಲ್ಲ, ಆ ಹೆಂಗಸು ಇಲ್ಲೇ ಇದ್ದಾರೆ... ಹಾಗಂತ ನಾನು ಹೇಳ್ತಿಲ್ಲ. ಆದ್ರೆ ಮನೆಯವರಿಗೆ ತಿಳಿಸೋದು ನನ್ನ ಕೆಲಸ.’ ಮನೆಯವರು. ಲಿಡ್ವಿನ ತೊಳೆದ ಲೋಟವನ್ನೇ ಮತ್ತೆ ತೊಳೆದಳು. ತವರಿನಲ್ಲಿ ಅಮ್ಮ ಕಾಯಿಲೆ ಬಿದ್ದಿದ್ದಾಗ ನೋಡಿಕೊಂಡವಳು ಅಕ್ಕ. ಇವಳು ಉತ್ತರದಿಂದ ಹಬ್ಬಕ್ಕೊಂದು ಸಲ ರೈಲಿನಲ್ಲಿ ಹೋಗಿ, ಹೂವಿಟ್ಟು, ಹಣೆಗೆ ಮುತ್ತಿಟ್ಟು, ಕಡೆಯ ರೈಲಿಗೆ ಹಿಂದಿರುಗುತ್ತಿದ್ದಳು. ಈಚೆಗೆ ಅಕ್ಕ ಫೋನಿನಲ್ಲಿ ಅಂದುಬಿಟ್ಟಿದ್ದಳು: ‘ಹೆತ್ತವಳ ಬಾಯಿಗೆ ಒಂದು ಚಮಚ ಹಿಡೀದವಳು ಬಿಟ್ಟ ಗಂಡನ ಅಪ್ಪನಿಗೆ ಮೈ ತಿಕ್ತಾಳಂತೆ. ಪುಣ್ಯ ಎಲ್ಲಿ ಅಗ್ಗವಾಗಿ ಸಿಗುತ್ತೋ ಅಲ್ಲಿ ಕೊಂಡ್ಕೋ.’ ಅಗ್ಗವೇನಲ್ಲ ಅಕ್ಕ ಎನ್ನಬೇಕೆನಿಸಿತ್ತು, ಅನ್ನಲಿಲ್ಲ. ಅಕ್ಕನ ಸೊಂಟ ಆ ವರ್ಷಗಳಲ್ಲಿ ಬಾಗಿದ್ದು ಮತ್ತೆ ನೆಟ್ಟಗಾಗಲಿಲ್ಲ.

ಹಿಸ್ಕೆ ಹೊರಡುವಾಗ ಬಾಗಿಲಲ್ಲಿ ನಿಂತು, ‘ನೀವು ತುಂಬಾ ಮಾಡ್ತಿದೀರಿ. ಸುಸ್ತಾಗಿರ್ಬೇಕು,’ ಅಂದಳು. ಕರುಣೆಯ ಮಾತೇ. ಆದರೆ ಅಪರಾಧಿಗೆ ಮೊದಲು ನೀರು ಕೊಡುವ ಪೊಲೀಸರ ಹಾಗೆ ಕೇಳಿಸಿತು.

ಲಿಡ್ವಿನ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದಳು. ಕೆಲಸವೇನೂ ಇರಲಿಲ್ಲ. ಹಾಯಿ ಹೊಲಿಯುತ್ತಿದ್ದ ಉದ್ದನೆಯ ಹಜಾರ ಅದು. ಹಲಗೆಯ ನೆಲ ವರ್ಷಗಟ್ಟಲೆ ಹಾಯಿಬಟ್ಟೆ ಉಜ್ಜಿ ಇನ್ನೂ ನುಣುಪಾಗಿತ್ತು. ಟಾರಿನ ವಾಸನೆ, ಅಗಸೆ ಎಣ್ಣೆಯ ವಾಸನೆ ಸಂದುಗಳಲ್ಲಿ ಉಳಿದಿದ್ದವು. ಬೇಸಿಗೆ ಬಂತೆಂದರೆ ಹಾಯಿಗಳನ್ನು ಹಿತ್ತಲ ಹುಲ್ಲಿನ ಮೇಲೆ ಹಾಸುತ್ತಿದ್ದರು. ಆಫ್ಕೆ ಒಂದು ತುದಿ, ಲಿಡ್ವಿನ ಒಂದು ತುದಿ ಹಿಡಿದು ಎಳೆದರೆ ಗಾಳಿ ಬಟ್ಟೆಯೊಳಗೆ ನುಗ್ಗಿ ಇಬ್ಬರನ್ನೂ ಎತ್ತಿಕೊಂಡೇ ಹೋಗುವ ಹಾಗೆ ಉಬ್ಬುತ್ತಿತ್ತು, ಇಬ್ಬರೂ ಹುಡುಗಿಯರಂತೆ ಕಿರುಚುತ್ತಿದ್ದರು, ವೀಬ್ರೆನ್ ಅಟ್ಟದ ಕಿಟಕಿಯಿಂದ ತಲೆ ಹೊರಹಾಕಿ ‘ಹಾಯಿ ಬಿಡ್ಬೇಡ್ರೇ, ಹೆಂಗಸ್ರು ಹೋದ್ರೂ ಪರ್ವಾಗಿಲ್ಲ!’ ಎಂದು ಕೂಗುತ್ತಿದ್ದ. ಆಮೇಲೆ ಕಿತ್ತಳೆ ಸಿಪ್ಪೆ ಹಾಕಿದ, ಮೇಲೆ ಗುಲಾಬಿ ಸಕ್ಕರೆ ಬಳಿದ ಕೇಕು, ಹುಲ್ಲಿನ ಮೇಲೆ ಕಾಲು ಚಾಚಿ. ಡೌವೆಯನ್ನು ಬಿಡುತ್ತೇನೆಂದು ಹೇಳಲು ಬಂದ ದಿನವೂ ವೀಬ್ರೆನ್ ಇಲ್ಲೇ ಕುಳಿತು ಹೊಲಿಯುತ್ತಿದ್ದ. ಆಫ್ಕೆ ಕೆಳಗೆ ಅಡುಗೆಮನೆಯಲ್ಲಿ ಮುಖ ತಿರುಗಿಸಿಕೊಂಡಿದ್ದಳು. ಲಿಡ್ವಿನ ಹೇಳಿ ಮುಗಿಸುವವರೆಗೂ ಅವನು ತಲೆಯೆತ್ತಲಿಲ್ಲ. ಯಾಕೆ ಎಂದು ಕೇಳಲಿಲ್ಲ, ಬೇಡ ಎನ್ನಲಿಲ್ಲ. ಸೂಜಿಯನ್ನೂ ದಾರವನ್ನೂ ಅವಳ ಕಡೆ ಚಾಚಿ, ‘ಪೋಣ್ಸಿ ಕೊಡು, ಕಣ್ಣು ಮಂಜಾಗಿದೆ,’ ಅಂದ. ಅವಳು ಪೋಣಿಸಿ ಕೊಟ್ಟಳು. ಆಗ ಅವನ ಕಣ್ಣಿಗೆ ಏನೂ ಆಗಿರಲಿಲ್ಲ.

ಕಾರಿನ ಸದ್ದಿಗೆ ಅವಳು ಕೆಳಗಿಳಿದು ಬಂದಳು. ಡೌವೆ ಲೇವಾರ್ಡನ್ ಪಟ್ಟಣದಿಂದ ನೇರ ಬಂದಿದ್ದ. ದೋಣಿಯ ಎಂಜಿನ್ನು ಮಾರುವ ಅಂಗಡಿಯ ಹೆಸರಿರುವ ಕೋಟು ಇನ್ನೂ ಮೈಮೇಲಿತ್ತು. ದಪ್ಪಗಾಗಿದ್ದ, ಮೆಟ್ಟಿಲೇ ಇಲ್ಲದ ಹೊಸ್ತಿಲಲ್ಲೂ ಏದುಸಿರು ಬಿಟ್ಟ. ಅಪ್ಪನ ಎದುರು ಬಗ್ಗಿ, ‘ಹೇಗಿದೀರಪ್ಪಾ?’ ಎಂದು ಕಿವುಡರಿಗೆ ಹೇಳುವ ಹಾಗೆ ಕೂಗಿದ. ವೀಬ್ರೆನ್‌ಗೆ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಡೌವೆ ಅವನ ಹೆಗಲನ್ನು ಮುಟ್ಟದೆ ಕುರ್ಚಿಯ ಬೆನ್ನನ್ನು ತಟ್ಟಿ ಅಡುಗೆಮನೆಗೆ ಬಂದು ಕುಳಿತ. ಲಿಡ್ವಿನ ಕಾಫಿ ಮುಂದಿಟ್ಟಳು, ಸಕ್ಕರೆ ಕೇಳದೆ ಹಾಕಿದಳು. ಅವನು ಅದನ್ನು ಗಮನಿಸಿದ. ಇಬ್ಬರಿಗೂ ಮುಜುಗರವಾಯಿತು.

‘ದಾದಿ ಫೋನ್ ಮಾಡಿದ್ಲು.’

‘ಕೇಳಿಸ್ಕೊಂಡೆ.’

‘ಬೀಳ್ತಿದ್ರು, ಹಿಡ್ಕೊಂಡೆ ಅಂದ್ಯಂತೆ.’

‘ಹೌದು.’ ಅವಳು ಮೇಜಿನ ಮೇಲಿನ ಬ್ರೆಡ್ಡಿನ ಪುಡಿಯನ್ನು ಬೆರಳಿನಿಂದ ಒತ್ತಿ ಒತ್ತಿ ಎತ್ತಿಕೊಂಡಳು. ‘ಬೀಳೋದು ತಪ್ಪಿದ ಮೇಲೂ ಹಿಡ್ಕೊಂಡಿದ್ದೆ ಡೌವೆ. ಸಿಟ್ಟಲ್ಲಿ. ಅಲ್ಲಾಡಿಸ್ದೆ. ಗುರುತು ಅದರದ್ದು.’

ಅವನು ಈಗ ಏಳುತ್ತಾನೆ, ನಾಳೆಯಿಂದ ಬರಬೇಡ ಅನ್ನುತ್ತಾನೆ ಎಂದುಕೊಂಡಳು. ಒಳಗೆಲ್ಲೋ ಅದನ್ನೇ ಬಯಸುತ್ತಿದ್ದಳು. ನಾಳೆ ಬೆಳಿಗ್ಗೆ ಹಾಸಿಗೆಯಲ್ಲೇ ಮಲಗಿ ಚಾವಣಿ ನೋಡುತ್ತಿರುವ ತನ್ನನ್ನು ಕಂಡಳು, ನಾಚಿಕೆಯಾಯಿತು. ಡೌವೆ ಕಾಫಿಯ ಲೋಟವನ್ನು ತಿರುಗಿಸುತ್ತಲೇ ಇದ್ದ.

‘ನಾನು ಬಂದಾಗೆಲ್ಲ ಅವರ ಕೈನೂ ಮುಟ್ದೆ ಹೋಗಿದೀನಿ,’ ಅಂದ ಕೊನೆಗೆ. ‘ನನ್ನಿಂದ ಗುರುತು ಬೀಳೋ ಪ್ರಶ್ನೆನೇ ಇಲ್ಲ.’

ಅವಳು ಬೆರಳಿಗಂಟಿದ ಪುಡಿಯನ್ನು ತಟ್ಟೆಗೆ ಉದುರಿಸಿದಳು. ಅವನೇ ಮುಂದುವರಿಸಿದ:

‘ಸೋಮವಾರದಿಂದ ಒಂದು ರೂಮು ಖಾಲಿಯಾಗುತ್ತಂತೆ. ಕೆರೆ ಪಕ್ಕದ ವೃದ್ಧಾಶ್ರಮದಲ್ಲಿ. ಹೋದ ವರ್ಷವೇ ಸೇರಿಸೋಣ ಅಂದಿದ್ದೆ. ಬೇಡ ಅಂದಿದ್ದು ನೀನು.’

‘ಹೌದು, ನಾನೇ.’

‘ಈಗ?’

ಪಕ್ಕದ ಕೋಣೆಯಲ್ಲಿ ವೀಬ್ರೆನ್ ಯಾವುದೋ ರಾಗವನ್ನು ಮೂಗಿನಲ್ಲಿ ಗುನುಗುತ್ತಿದ್ದ. ‘ಸೇರ್ಸು,’ ಅಂದಳು ಲಿಡ್ವಿನ. ಇಷ್ಟು ಸಲೀಸಾಗಿ ಬಂತಲ್ಲ ಮಾತು ಎಂದು ಬೆಚ್ಚಿದಳು. ಹೆಗಲಿನಿಂದ ಏನೋ ಇಳಿಯಿತು, ಇಳಿದದ್ದು ಹೊರೆಯೋ ಹೊದಿಕೆಯೋ ತಿಳಿಯಲಿಲ್ಲ. ‘ಅಲ್ಲಿಗೆ ನಾನು ಬರಬಹುದಾ?’ ಎಂದು ಕೇಳಿದಳು.

‘ನನ್ನನ್ನೇನು ಕೇಳ್ತೀಯ?’

‘ಇನ್ಯಾರನ್ನ ಕೇಳ್ಲಿ? ಬಾಗಿಲಲ್ಲಿ, ನೀವು ಯಾರು ಅಂತಾರೆ. ಏನು ಹೇಳ್ಲಿ ನಾನು?’

ಡೌವೆ ಕಿಟಕಿಯ ಕಡೆ ತಿರುಗಿದ. ಕತ್ತು ಕೆಂಪಾಗಿತ್ತು. ‘ಸೊಸೆ ಅನ್ನು. ನಾನೂ ಹೇಳಿರ್ತೀನಿ.’

‘ನಿನ್ನ ಹೆಂಡತಿ ಏನಂತಾಳೆ?’

‘ಅವಳಿಗೆ ಈ ಮನೆ ವಾಸನೆ ಕಂಡ್ರೆ ಆಗಲ್ಲ. ನೀನು ಸೊಸೆಯಾದ್ರೆ ಅವಳಿಗೇ ಸಂತೋಷ.’

ಇಬ್ಬರಿಗೂ ನಗು ಬಂತು. ಜೊತೆಯಾಗಿ ನಕ್ಕು ಎಷ್ಟು ಕಾಲವಾಗಿತ್ತೋ. ಅದು ನಿಂತ ಮೇಲೆ ಇನ್ನೂ ಮುಜುಗರವಾಗಿ ಡೌವೆ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದ. ‘ಹಾಗಾದ್ರೆ ಹೊರಡ್ತೀನಿ. ಅಂಗಡಿ...’

‘ಇವತ್ತು ಅವರ ಸ್ನಾನ ಆಗಿಲ್ಲ.’

‘ಸರಿ, ನೀನು ಮಾಡ್ಸು, ನಾನು...’

‘ನೀನು ಮಾಡ್ಸು.’

‘ಲಿಡ್ವಿನ, ಅಪ್ಪನ್ನ ಹಾಗೆ ನೋಡೋಕೆ ನನ್ನಿಂದ ಆಗಲ್ಲ ಕಣೇ.’

‘ನನ್ನಿಂದ ಆಗುತ್ತೆ ಅಂತ ನಿನಗೆ ಯಾರು ಹೇಳಿದ್ರು? ಒಂದು ದಿನ ಯಾರಾದ್ರೂ ಕೇಳಿದ್ರಾ?’ ಅವಳ ದನಿ ಏರಲಿಲ್ಲ. ‘ಸೋಮವಾರದಿಂದ ಗುರುತಿಲ್ಲದವರು ತೊಳೀತಾರೆ. ಅದಕ್ಕೆ ಮುಂಚೆ ಒಂದು ಸಲ ಮಗನ ಕೈ ಬೀಳ್ಲಿ. ಕೋಟು ಬಿಚ್ಚು.’

ಅವನು ಬಿಚ್ಚಿದ.

ಬಚ್ಚಲುಮನೆ ಚಿಕ್ಕದು, ಮೂವರಿಗೆ ಸಾಲದು. ಲಿಡ್ವಿನ ಗೋಡೆಗೆ ಒತ್ತಿಕೊಂಡು ನಿಂತಳು. ‘ಮೊದ್ಲು ನಿನ್ನ ಮಣಿಕಟ್ಟಿನ ಮೇಲೆ ನೀರು ಬಿಟ್ಟು ನೋಡು. ಬಿಸಿ ಆಯ್ತು, ಕಡಿಮೆ ಮಾಡು. ಈಗ ಶರ್ಟು. ಹಾಗಲ್ಲ, ಒಂದು ತೋಳು ಪೂರ್ತಿ ತೆಗೆದು ಆಮೇಲೆ ಇನ್ನೊಂದು, ಇಲ್ದಿದ್ರೆ ಹೆದರ್ಕೊಳ್ತಾರೆ.’ ಡೌವೆಯ ದಪ್ಪ ಬೆರಳುಗಳು ಗುಂಡಿಗಳ ಮೇಲೆ ತಡವರಿಸಿದವು. ವೀಬ್ರೆನ್‌ನನ್ನು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂರಿಸಿದರು. ಒಂದು ಕಾಲದಲ್ಲಿ ಒದ್ದೆ ಹಾಯಿಯನ್ನು ಒಬ್ಬನೇ ಹೆಗಲಿಗೆ ಹಾಕಿಕೊಂಡು ಅಟ್ಟ ಹತ್ತುತ್ತಿದ್ದ ದೇಹ. ಚರ್ಮ ಈಗ ಸಡಿಲವಾಗಿ, ಗಾಳಿ ಬಿದ್ದುಹೋದ ಬಟ್ಟೆಯಂತೆ ಎಲುಬಿನ ಮೇಲೆ ನೇತಾಡುತ್ತಿತ್ತು. ಡೌವೆ ನೋಡಲೂ ಆರದೆ ನೋಡದಿರಲೂ ಆರದೆ ಗೋಡೆಯ ಟೈಲ್ಸಿನ ಕಡೆ ಕಣ್ಣಿಟ್ಟು ಬೆನ್ನು ಉಜ್ಜಿದ.

‘ಯಾರಿದು? ಕೈ ಮಂಜಿನ ಹಾಗಿದೆ,’ ಎಂದು ಮುದುಕ ಬೈದ.

‘ಡೌವೆ, ಅಪ್ಪ.’

‘ಡೌವೆ? ಸುಮ್ನಿರಯ್ಯ. ಡೌವೆ ಇಷ್ಟು ಮುದುಕ ಅಲ್ಲ.’

ಡೌವೆ ನಕ್ಕಂತೆ ಸದ್ದು ಮಾಡಿದ, ಅದು ನಗುವಾಗಿರಲಿಲ್ಲ. ಸಾಬೂನಿನ ಕೈಯಲ್ಲೇ ಕಣ್ಣೊರೆಸಿಕೊಂಡು, ಕಣ್ಣುರಿ ಬಂದು, ನೀರಿಗಾಗಿ ತಡಕಾಡಿದ. ಲಿಡ್ವಿನ ಟವೆಲಿನ ತುದಿ ನೆನೆಸಿ ಕೊಟ್ಟಳು. ವೀಬ್ರೆನ್ ಇಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನಿಧಾನವಾಗಿ ನೋಡಿದ. ಕಣ್ಣುಗಳಲ್ಲಿ ಎಲ್ಲಿಂದಲೋ ಹಳೆಯ ತುಂಟತನ ಏರಿ ಬಂತು.

‘ಜಗಳ ಆಡ್ಕೊಂಡು ಬಂದಿದೀರಾ ಇಬ್ರೂ?’

ತೊಟ್ಟಿಕ್ಕುತ್ತಿದ್ದ ಶವರಿನ ನಲ್ಲಿಯನ್ನು ಡೌವೆ ಬಿಗಿಯಾಗಿ ತಿರುಗಿಸಿದ.

‘ಮುಖ ನೋಡಿದ್ರೇ ಗೊತ್ತಾಗುತ್ತೆ. ಹೊಸದರಲ್ಲಿ ಹಾಗೇನೆ. ನಾನೂ ಆಫ್ಕೆನೂ ಒಂದು ಚಳಿಗಾಲ ಪೂರ್ತಿ ಮಾತು ಬಿಟ್ಟಿದ್ವಿ. ಆಮೇಲೆ ಹಾಯಿ ಮಡಿಸೋಕೆ ಇನ್ನೊಂದು ಜೊತೆ ಕೈ ಬೇಕಾಯ್ತು, ಮಾತಾಡಿಸ್ದೆ.’ ಅವನು ನಕ್ಕ, ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು. ‘ರಾಜಿ ಮಾಡ್ಕೊಳ್ರೋ.’

‘ಆಯ್ತಪ್ಪ,’ ಅಂದ ಡೌವೆ.

‘ಆಯ್ತು,’ ಅಂದಳು ಲಿಡ್ವಿನ.

ಡೌವೆ ಟವೆಲು ಹಿಡಿದು ಒದ್ದೆ ನೆಲದ ಮೇಲೆ ಮಂಡಿಯೂರಿದ. ಪ್ಯಾಂಟು ನೆನೆಯಿತು, ಅವನು ಗಮನಿಸಲಿಲ್ಲ. ‘ಬೆರಳ ಸಂದೂ ಒರೆಸ್ಬೇಕು, ಇಲ್ದಿದ್ರೆ ಹುಣ್ಣಾಗುತ್ತೆ,’ ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ತಂದೆಯ ಬಲಗಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಬೆರಳನ್ನು ಬಿಡಿಸಿ ಒರೆಸತೊಡಗಿದ. ಮೇಲಿನಿಂದ ಅವಳಿಗೆ ಅವನ ನೆತ್ತಿ ಕಾಣಿಸುತ್ತಿತ್ತು. ಕೂದಲು ಸುಳಿಯಾಗಿ ತೆಳುವಾದ ಜಾಗ, ಥೇಟ್ ಅಪ್ಪನದರಂತೆಯೇ. ಅವಳಿಗೆ ಅವನ ಮೇಲೆ ಪ್ರೀತಿ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇವನ ಪಾದವನ್ನು ಮುಂದೆ ಯಾರು ಹೀಗೆ ತೊಡೆಯ ಮೇಲಿಟ್ಟುಕೊಳ್ಳುತ್ತಾರೋ, ತನ್ನದನ್ನು ಯಾರೋ ಎಂದಷ್ಟೇ ಅನ್ನಿಸಿತು. ಡೌವೆ ಕಾಲನ್ನು ಜೋಪಾನವಾಗಿ ಒಣಗಿದ ಚಾಪೆಯ ಮೇಲಿಟ್ಟು, ಕೆಲಸ ಮುಗಿಯಿತೆಂಬಂತೆ ಉಸಿರು ಬಿಟ್ಟು ಏಳಲು ಹೊರಟ.

‘ಇನ್ನೊಂದೂ ಇದೆ ಕಣೋ,’ ಎಂದು ವೀಬ್ರೆನ್ ಎಡಗಾಲನ್ನು ಮುಂದೆ ಚಾಚಿದ.